ಐ3-6100, 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್: ಇರೋ ಸ್ವಲ್ಪ ದುಡ್ಡನ್ನ ಮೊದಲು ಎಲ್ಲಿ ಹಾಕಲಿ?

ಹಳೇಡಬ್ಬ

ಮನೆಯ ಡೆಸ್ಕ್‌ಟಾಪ್ ವಿವರ: ಇಂಟೆಲ್ ಐ3-6100, ಎಚ್110 ಮದರ್‌ಬೋರ್ಡ್, 4 ಜಿಬಿಯ ಒಂದೇ ರ‍್ಯಾಮ್ ಕಡ್ಡಿ, 1 ಟಿಬಿ ಹಾರ್ಡ್ ಡಿಸ್ಕ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕ್ಯಾಬಿನೆಟ್ ಜೊತೆಗೇ ಬಂದ 450 ವ್ಯಾಟ್ ಪವರ್ ಸಪ್ಲೈ. ವಿಂಡೋಸ್ 10 ಇದೆ.

ಆನ್ ಮಾಡಿದ ಮೇಲೆ ಕೆಲಸ ಶುರು ಮಾಡೋಕೆ ನಾಲ್ಕೈದು ನಿಮಿಷ ಬೇಕು. ಬ್ರೌಸರಿನಲ್ಲಿ ಎಂಟ್ಹತ್ತು ಟ್ಯಾಬ್ ತೆರೆದರೆ ಮೌಸ್ ಬಾಣವೂ ತಡವರಿಸುತ್ತೆ. ಬಳಕೆ ಅಂದರೆ ಬ್ರೌಸರ್, ವರ್ಡ್, ಎಕ್ಸೆಲ್, ವಿಡಿಯೊ ಕರೆ, ಆಗೊಮ್ಮೆ ಈಗೊಮ್ಮೆ ಫೋಟೊ ತಿದ್ದೋದು. ಗೇಮ್ ಬೇಡ.

ಹೊಸ ಸಾಧಾರಣ ಡೆಸ್ಕ್‌ಟಾಪ್ ಬೆಲೆಯ ಕಾಲು ಭಾಗಕ್ಕಿಂತ ಜಾಸ್ತಿ ಹಾಕೋಕೆ ಆಗಲ್ಲ. ಒಬ್ಬರು ಐ7 ಹಾಕಿಸಿ ಅಂತಾರೆ, ಇನ್ನೊಬ್ಬರು 2 ಜಿಬಿ ಗ್ರಾಫಿಕ್ಸ್ ಕಾರ್ಡ್ ಅಂತಾರೆ, ಮತ್ತೊಬ್ಬರು ಎಸೆದು ಹೊಸದು ತಗೊಳ್ಳಿ ಅಂತಾರೆ. ಯಾವುದು ಸರಿ?

ಸಾಟಾಕೇಬಲ್

ಏನನ್ನೂ ಕೊಳ್ಳೋ ಮುಂಚೆ ಯಾವ ಭಾಗ ಉಸಿರುಗಟ್ಟುತ್ತಿದೆ ಅಂತ ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಶೇಕಡಾವಾರು ಅಂಕಿಗಿಂತ ಮುಖ್ಯವಾದವು ಎರಡಿವೆ.

ಮೆಮೊರಿಯಲ್ಲಿ ‘ಕಮಿಟೆಡ್’ ಅನ್ನೋ ಜೋಡಿ ಅಂಕಿ ಇರುತ್ತೆ. ಅದರ ಮೊದಲನೇ ಅಂಕಿ, ತೆರೆದಿರುವ ಪ್ರೋಗ್ರಾಮ್‌ಗಳೆಲ್ಲ ಸೇರಿ ಕೇಳಿರುವ ಒಟ್ಟು ಜಾಗ. ಅದು ನಿಮ್ಮ 4 ಜಿಬಿಯನ್ನ ತುಂಬಾ ಮೀರಿದ್ದರೆ ಮಿಕ್ಕಿದ್ದು ಡಿಸ್ಕಿನ ಪೇಜ್ ಫೈಲಿಗೆ (ರ‍್ಯಾಮ್ ಸಾಲದಾಗ ಅದರ ಬದಲು ಬಳಸೋ ಡಿಸ್ಕ್ ಜಾಗ) ಹೋಗಿ ಬಂದು ಮಾಡ್ತಾ ಇದೆ ಅಂತ ಲೆಕ್ಕ.

ಡಿಸ್ಕಿನಲ್ಲಿ ‘ಆವರೇಜ್ ರೆಸ್ಪಾನ್ಸ್ ಟೈಮ್’ ನೋಡಿ. ಸರಿಯಾಗಿರೋ ಹಾರ್ಡ್ ಡಿಸ್ಕಿನಲ್ಲಿ ಅದು ಹತ್ತಿಪ್ಪತ್ತು ಮಿಲಿಸೆಕೆಂಡಿನ ಆಸುಪಾಸು. ನೂರಾರು ಮಿಲಿಸೆಕೆಂಡ್ ತೋರಿಸಿದರೆ ಕೆಲಸ ಸಾಲುಗಟ್ಟಿ ನಿಂತಿದೆ, ಇಲ್ಲವೇ ಡಿಸ್ಕೇ ಕೆಡ್ತಾ ಇದೆ.

ಎರಡನೆಯದು ಹೌದೋ ಅಲ್ಲವೋ ತಿಳಿಯೋಕೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನೋ ಡಿಸ್ಕ್ ಆರೋಗ್ಯ ತೋರಿಸೋ ತಂತ್ರಾಂಶ ಹಾಕಿ 05, ಸಿ5, ಸಿ6 ಸಾಲುಗಳ ‘ರಾ’ ಅಂಕಿ ಬರೆದು ಹಾಕಿ. ಪವರ್ ಸಪ್ಲೈ ಮೇಲಿನ ಚೀಟಿಯಲ್ಲಿ 12 ವೋಲ್ಟ್ ಸಾಲಿನ ಆಂಪಿಯರ್ ಎಷ್ಟು ಅನ್ನೋದೂ ಬೇಕು. ದೊಡ್ಡ ಅಕ್ಷರದ ‘450’ ನಂಬಬೇಡಿ.

ಎರಡುಚಾನೆಲ್

ಅಂಕಿ ಬರೋ ಮೊದಲೇ ಒಂದು ಮಾತು. ಎಲ್ಲರೂ ಕಣ್ಣು ಮುಚ್ಚಿ ‘ಎಸ್‌ಎಸ್‌ಡಿ ಹಾಕಿ’ ಅಂದುಬಿಡ್ತಾರೆ. ಎಸ್‌ಎಸ್‌ಡಿ ಅಂದರೆ ತಿರುಗೋ ತಟ್ಟೆ ಇಲ್ಲದ, ಚಿಪ್‌ಗಳಲ್ಲೇ ಡೇಟಾ ಇಡೋ ಡ್ರೈವ್. 4 ಜಿಬಿ ಯಂತ್ರಕ್ಕೆ ಬರೀ ಎಸ್‌ಎಸ್‌ಡಿ ಹಾಕಿದರೆ ಬೂಟ್ ಆಗೋದು ಚುರುಕಾಗುತ್ತೆ, ನಿಜ. ಆದರೆ ಹತ್ತು ಟ್ಯಾಬ್ ತೆರೆದಾಗ ಅದೇ ಪೇಜ್ ಫೈಲ್ ಓಡಾಟ ಎಸ್‌ಎಸ್‌ಡಿ ಮೇಲೆ ನಡೆಯುತ್ತೆ. ತಡವರಿಕೆ ಕಮ್ಮಿಯಾಗಬಹುದು, ಹೋಗಲ್ಲ. ಬ್ರೌಸರ್ ಹಿಂದಿನ ಟ್ಯಾಬ್‌ಗಳನ್ನ ಮಲಗಿಸಿ, ಮುಟ್ಟಿದಾಗೆಲ್ಲ ಮತ್ತೆ ಲೋಡ್ ಮಾಡೋದೂ ತಪ್ಪಲ್ಲ. ಇಲ್ಲಿ ಎರಡೂ ಬೇಕು. ಒಂದನ್ನೇ ಆರಿಸಬೇಕು ಅಂದರೆ ಮಾತ್ರ ಎಸ್‌ಎಸ್‌ಡಿ.

ರ‍್ಯಾಮ್ ಕೊಳ್ಳುವಾಗ ಗಮನಿಸಬೇಕಾದ್ದು: ಎಚ್110 ಬೋರ್ಡ್‌ಗಳಲ್ಲಿ ಹೆಚ್ಚಿನವು ಡಿಡಿಆರ್4, ಆದರೆ ಡಿಡಿಆರ್3 ಸ್ಲಾಟ್ ಇರುವವೂ ಬಂದಿವೆ. ಸಿಪಿಯು-ಝಡ್ ತಂತ್ರಾಂಶದ ಮೆಮೊರಿ ಪುಟದಲ್ಲಿ ಯಾವುದು ಅಂತ ಗೊತ್ತಾಗುತ್ತೆ. ಡಿಡಿಆರ್4 ಕಡ್ಡಿಗೆ 288 ಪಿನ್, ಡಿಡಿಆರ್3ಗೆ 240. ಕಚ್ಚಿನ ಜಾಗವೂ ಬೇರೆ, ಅದಲು ಬದಲಾಗಿ ಕೂರಲ್ಲ. ಲ್ಯಾಪ್‌ಟಾಪಿನ ಚಿಕ್ಕ ಕಡ್ಡಿಯೂ ಕೂರಲ್ಲ.

ಐ3-6100 ಡಿಡಿಆರ್4 ಅನ್ನ 2133ರಲ್ಲಿ ಓಡಿಸುತ್ತೆ. ನೀವು 2400, 2666, 3200 ಯಾವುದನ್ನ ಹಾಕಿದರೂ 2133ಕ್ಕೆ ಇಳಿದು ಕೆಲಸ ಮಾಡುತ್ತೆ, ಹಾಗಾಗಿ ವೇಗಕ್ಕೆ ಅಂತ ಹೆಚ್ಚು ಕೊಡಬೇಡಿ. ಈಗಿರೋ 4 ಜಿಬಿ ಪಕ್ಕಕ್ಕೇ 8 ಜಿಬಿ ಹಾಕಿ, 12 ಆಗುತ್ತೆ. ‘ಎರಡೂ ಒಂದೇ ಅಳತೆ ಇರಬೇಕು’ ಅನ್ನೋ ಮಾತಿಗೆ ಹೆದರಬೇಡಿ. 4 ಮತ್ತು 8 ಇದ್ದಾಗ ಮೊದಲ 4+4 ಡ್ಯುಯಲ್ ಚಾನೆಲ್‌ನಲ್ಲೂ (ಎರಡೂ ಕಡ್ಡಿ ಒಟ್ಟಿಗೆ ಓದಿ ಬರೆಯೋ ರೀತಿ) ಉಳಿದ 4 ಸಿಂಗಲ್ ಚಾನೆಲ್‌ನಲ್ಲೂ ಓಡುತ್ತೆ. ಈಗಿನ ಒಂಟಿ ಕಡ್ಡಿಗಿಂತ ಅದೇ ವಾಸಿ, ಅದರಲ್ಲೂ ನಿಮ್ಮ ಒಳಗ್ರಾಫಿಕ್ಸ್ ರ‍್ಯಾಮ್‌ನಲ್ಲೇ ಪಾಲು ಕೇಳೋದರಿಂದ.

ಸೆಕೆಂಡ್ ಹ್ಯಾಂಡ್ ರ‍್ಯಾಮ್ ಧೈರ್ಯವಾಗಿ ಕೊಳ್ಳಬಹುದಾದ ವಸ್ತು. ಒಂದೇ ಬಲೆ: ಸರ್ವರ್‌ನಿಂದ ಕಳಚಿದ ರಿಜಿಸ್ಟರ್ಡ್ ಇಸಿಸಿ ಕಡ್ಡಿಗಳು ನೋಡೋಕೆ ಹೀಗೇ ಇರುತ್ತವೆ, ಅಗ್ಗಕ್ಕೂ ಸಿಗುತ್ತವೆ. ನಿಮ್ಮ ಬೋರ್ಡಿನಲ್ಲಿ ಅವು ಓಡಲ್ಲ. ಚೀಟಿಯಲ್ಲಿ ವೇಗದ ಅಂಕಿಯ ಆಚೆ ‘ಆರ್’ ಅಕ್ಷರ ಕಂಡರೆ ಬಿಟ್ಟುಬಿಡಿ, ‘ಯು’ ಇರಬೇಕು.

ಹಳೇಡಬ್ಬ

ಆರು ಟ್ಯಾಬ್ ಮತ್ತು ಎಕ್ಸೆಲ್ ತೆರೆದಿಟ್ಟು ನೋಡಿದೆ. ಸಿಪಿಯು ಶೇ. 30ರ ಹತ್ತಿರ. ಮೆಮೊರಿ ಶೇ. 91, ಕಮಿಟೆಡ್ 6.8/9.1. ಡಿಸ್ಕ್ ಶೇ. 100, ರೆಸ್ಪಾನ್ಸ್ ಟೈಮ್ 400ರಿಂದ 900 ಮಿಲಿಸೆಕೆಂಡ್ ನಡುವೆ ಕುಣೀತಾ ಇದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಹಳದಿ ಬಣ್ಣದ ‘ಕಾಷನ್’. 05 ಸೊನ್ನೆ, ಸಿ5 ಸಾಲಿನಲ್ಲಿ ಕೊನೆಗೆ 10, ಸಿ6 ಸೊನ್ನೆ. ಪವರ್ ಸಪ್ಲೈನಲ್ಲಿ 12 ವೋಲ್ಟಿಗೆ 16 ಆಂಪಿಯರ್. ರ‍್ಯಾಮ್ ಡಿಡಿಆರ್4. ಬೋರ್ಡಿನಲ್ಲಿ ಎಂ.2 ಸ್ಲಾಟ್ (ಚಪ್ಪಟೆ ಎಸ್‌ಎಸ್‌ಡಿ ಕೂರೋ ಜಾಗ) ಕಾಣಲಿಲ್ಲ. ಡಿವಿಡಿ ಡ್ರೈವ್ ಇದೆ, ಬಳಸಲ್ಲ.

ಸಾಟಾಕೇಬಲ್

ಹಾಗಾದರೆ ಪ್ರಶ್ನೆಯೇ ಬದಲಾಯಿತು. ಆ 10 ಅನ್ನೋದು ಹತ್ತಲ್ಲ. ಆ ತಂತ್ರಾಂಶ ‘ರಾ’ ಅಂಕಿಯನ್ನ ಹೆಕ್ಸಾಡೆಸಿಮಲ್‌ನಲ್ಲಿ (16ರ ಆಧಾರದ ಎಣಿಕೆ) ತೋರಿಸುತ್ತೆ, ಅಂದರೆ 16. ಸಿ5 ಅಂದರೆ ಓದೋಕೆ ಆಗದೆ ತೀರ್ಮಾನಕ್ಕೆ ಕಾಯ್ತಾ ಇರೋ ಸೆಕ್ಟರ್‌ಗಳು (ಡಿಸ್ಕಿನ ಸಣ್ಣ ಸಣ್ಣ ತುಣುಕುಗಳು). 05 ಅಂದರೆ ಕೆಟ್ಟಿವೆ ಅಂತ ತೀರ್ಮಾನವಾಗಿ ಬದಲಿ ಜಾಗಕ್ಕೆ ಸರಿಸಿದವು. ಅಂಥ ಜಾಗ ಎದುರಾದಾಗಲೆಲ್ಲ ಡಿಸ್ಕ್ ಮತ್ತೆ ಮತ್ತೆ ಓದೋಕೆ ನೋಡುತ್ತೆ, ಅಷ್ಟು ಹೊತ್ತು ಇಡೀ ವಿಂಡೋಸ್ ಕಾಯುತ್ತೆ. ಮೌಸ್ ತಡವರಿಕೆಗೆ ಒಂದು ಕಾರಣ ರ‍್ಯಾಮ್ ಕೊರತೆ, ಇನ್ನೊಂದು ಇದು.

ಹಾಗಾಗಿ ಮೊದಲ ಕೆಲಸ ಬ್ಯಾಕಪ್, ಅದೂ ಇವತ್ತೇ. ಫೋಟೊ, ದಾಖಲೆಗಳು, ಬ್ರೌಸರ್ ಬುಕ್‌ಮಾರ್ಕ್ ಎಲ್ಲವನ್ನೂ ಬೇರೆ ಡ್ರೈವಿಗೆ ನಕಲು ಮಾಡಿ, ಮುಖ್ಯವಾದವು ಮೊದಲು. ಆಗೋವರೆಗೂ ಡಿಫ್ರಾಗ್ ಮಾಡಬೇಡಿ, ಕೆಟ್ಟ ಸೆಕ್ಟರ್ ಹುಡುಕೋ ಪೂರ್ತಿ ಡಿಸ್ಕ್ ಚೆಕ್ ಓಡಿಸಬೇಡಿ. ಸೊರಗಿದ ಡಿಸ್ಕನ್ನ ಗಂಟೆಗಟ್ಟಲೆ ತಿಕ್ಕಿಸಿದರೆ ಇದ್ದದ್ದೂ ಹೋಗಬಹುದು. ಇದೇ ಕಾರಣಕ್ಕೆ ಕ್ಲೋನ್ (ಹಳೇ ಡಿಸ್ಕನ್ನ ಇದ್ದ ಹಾಗೇ ಹೊಸದಕ್ಕೆ ನಕಲಿಸೋದು) ಕೂಡ ಬೇಡ. ಕ್ಲೋನ್ ತಂತ್ರಾಂಶ ಅರ್ಧದಲ್ಲಿ ನಿಲ್ಲುತ್ತೆ, ನಿಲ್ಲದಿದ್ದರೆ ಹಾಳಾದ ಫೈಲುಗಳನ್ನೂ ಹೊತ್ತು ತರುತ್ತೆ. ಹೊಸದಾಗಿ ಇನ್‌ಸ್ಟಾಲ್ ಮಾಡಿ.

ಎಸ್‌ಎಸ್‌ಡಿ ಆಯ್ಕೆ: 2.5 ಇಂಚಿನ ಸಾಟಾ (ಹಾರ್ಡ್ ಡಿಸ್ಕಿನಂಥದೇ ಕೇಬಲ್ ಬಳಸೋ ಬಗೆ) ಸಾಕು. ಇನ್ನೂ ವೇಗದ ಎನ್‌ವಿಎಂಇ ಬಗೆಗೆ ಅಡಾಪ್ಟರ್ ಹುಡುಕುತ್ತಾ ಹೋಗಬೇಡಿ, ನಿಮ್ಮ ಬಳಕೆಯಲ್ಲಿ ವ್ಯತ್ಯಾಸ ಕೈಗೆ ತಿಳಿಯಲ್ಲ. ಹಾರ್ಡ್ ಡಿಸ್ಕ್ ಚದುರಿದ ಸಣ್ಣ ಫೈಲುಗಳನ್ನ ಸೆಕೆಂಡಿಗೆ ನೂರರ ಆಸುಪಾಸು ಸಲ ಹುಡುಕಬಲ್ಲದು, ಸಾಟಾ ಎಸ್‌ಎಸ್‌ಡಿ ಹತ್ತಾರು ಸಾವಿರ ಸಲ. ಜಿಗಿತ ಇರೋದು ಅಲ್ಲಿ. ಪೆಟ್ಟಿಗೆ ಮೇಲೆ ಬರೆದ 550 ಎಂಬಿ ವೇಗದಲ್ಲಲ್ಲ.

ಅಳತೆ 240 ಅಥವಾ 256 ಜಿಬಿ ನಡೆಯುತ್ತೆ, 500 ಆದರೆ ನೆಮ್ಮದಿ. 120 ಜಿಬಿಯದು ಬೇಡ: ಬೇಗ ತುಂಬುತ್ತೆ, ತುಂಬಿದ ಎಸ್‌ಎಸ್‌ಡಿ ನಿಧಾನ. ಆದಷ್ಟೂ ಟಿಎಲ್‌ಸಿ (ಒಂದು ಕೋಶದಲ್ಲಿ 3 ಬಿಟ್ ಇಡೋ ಚಿಪ್) ನೋಡಿ. ಅಗ್ಗದ ಕ್ಯೂಎಲ್‌ಸಿಯಲ್ಲಿ (4 ಬಿಟ್ ಇಡೋದು) ಒಂದೇ ಸಲ ಹತ್ತಾರು ಜಿಬಿ ಬರೆದಾಗ ಒಳಗಿನ ವೇಗದ ಕ್ಯಾಷ್ ಮುಗಿದು, ಬರೆಯೋ ವೇಗ ಹಾರ್ಡ್ ಡಿಸ್ಕಿಗಿಂತ ಕೆಳಗಿಳಿಯೋದುಂಟು. ‘ಬರೆದು ಬರೆದು ಸವೆಯುತ್ತೆ’ ಅನ್ನೋ ಭಯ ಮನೆ ಬಳಕೆಗೆ ಅತಿಯಾಯ್ತು. ಕ್ರುಶಿಯಲ್ ಎಂಎಕ್ಸ್500ನ 500 ಜಿಬಿ ಮಾದರಿಗೆ ಕಂಪನಿ ಕೊಡೋ ಮಿತಿ 180 ಟಿಬಿ. ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ 7.3 ಟಿಬಿ, ಅಂದರೆ 24 ವರ್ಷ.

ಜೋಡಿಸೋ ಕ್ರಮ: ಸ್ವಿಚ್ ಆಫ್ ಮಾಡಿ ಪವರ್ ಕೇಬಲ್ ಕಿತ್ತು, ಪವರ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಚಾರ್ಜ್ ಹೋಗಲಿ. ಡಿವಿಡಿ ಡ್ರೈವಿನ ಎರಡೂ ಕೇಬಲ್ ಕಳಚಿ ಎಸ್‌ಎಸ್‌ಡಿಗೆ ಹಾಕಿ, ನಿಮಗೆ ಹೊಸ ಕೇಬಲೂ ಬೇಕಿಲ್ಲ. ಎಚ್110ರ ನಾಲ್ಕೂ ಸಾಟಾ ಪೋರ್ಟ್ 6 ಗಿಗಾಬಿಟ್ಟಿನವೇ, ಯಾವುದಾದರೂ ಸರಿ. ಕನೆಕ್ಟರ್ ಸಾಲದೆ ಬಂದರೆ ಮೊಲೆಕ್ಸ್‌ನಿಂದ ಸಾಟಾಗೆ ಬದಲಿಸೋ ಅಚ್ಚೆರೆದ ಪ್ಲಾಸ್ಟಿಕ್ ಅಡಾಪ್ಟರ್ ಮಾತ್ರ ಹಾಕಬೇಡಿ. ಅದರೊಳಗೆ ತಂತಿಗಳು ಒಂದಕ್ಕೊಂದು ಒತ್ತಿಕೊಂಡು ಕರಗಿ ಬೆಂಕಿ ಹತ್ತಿದ ಉದಾಹರಣೆಗಳು ಬೇಕಾದಷ್ಟಿವೆ. ಎಸ್‌ಎಸ್‌ಡಿಗೆ ಎಂ3 ಸ್ಕ್ರೂ. ಹಾರ್ಡ್ ಡಿಸ್ಕಿನ ದಪ್ಪ ಸ್ಕ್ರೂ ತುರುಕಿದರೆ ತೂತಿನ ತಿರುಪು ಗೆರೆ ಸವೆದು ಹೋಗುತ್ತೆ. ಚೌಕಟ್ಟು ಇಲ್ಲದಿದ್ದರೆ ಎರಡು ಬದಿ ಅಂಟಿನ ಟೇಪ್ ಕೂಡ ಆಗುತ್ತೆ, ತಿರುಗೋ ಭಾಗ ಒಳಗಿಲ್ಲ.

ಇನ್‌ಸ್ಟಾಲ್ ಮಾಡುವಾಗ ಹಳೇ ಹಾರ್ಡ್ ಡಿಸ್ಕಿನ ಕೇಬಲ್ ತೆಗೆದಿಡಿ. ಇದನ್ನ ಎಷ್ಟು ಸಲ ಹೇಳಿದರೂ ಕಮ್ಮಿಯೇ. ಎರಡೂ ಇದ್ದಾಗ ವಿಂಡೋಸ್ ಎಸ್‌ಎಸ್‌ಡಿ ಮೇಲೆ ಕೂತು, ಬೂಟ್ ಫೈಲ್ ಮಾತ್ರ ಹಳೇ ಡಿಸ್ಕಿನಲ್ಲಿ ಉಳಿಯಬಹುದು. ಮುಂದೆ ಆ ಡಿಸ್ಕ್ ಸತ್ತ ದಿನ ಹೊಸದೂ ಏಳಲ್ಲ. ಬಯಾಸ್‌ನಲ್ಲಿ (ಆನ್ ಆದ ಕೂಡಲೇ ಓಡೋ ಮದರ್‌ಬೋರ್ಡಿನ ತಂತ್ರಾಂಶ) ಸಾಟಾ ಮೋಡ್ ಎಎಚ್‌ಸಿಐ ಇರಲಿ. ಇನ್‌ಸ್ಟಾಲ್‌ಗೆ 8 ಜಿಬಿ ಪೆನ್ ಡ್ರೈವ್ ಸಾಕು. ಬೂಟ್ ಪಟ್ಟಿಯಲ್ಲಿ ಅದು ಎರಡು ಸಲ ಕಂಡರೆ ಹೆಸರಿನ ಮುಂದೆ ಯುಇಎಫ್‌ಐ ಅಂತ ಇರೋದನ್ನ ಆರಿಸಿ. ಪ್ರಾಡಕ್ಟ್ ಕೀ ಕೇಳಿದರೆ ‘ನನ್ನ ಬಳಿ ಇಲ್ಲ’ ಒತ್ತಿ, ಈಗಿರೋ ಆವೃತ್ತಿಯನ್ನೇ, ಹೋಮ್ ಆದರೆ ಹೋಮ್, ಹಾಕಿ. ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತೆ, ಇಂಟರ್‌ನೆಟ್ ಸಿಕ್ಕ ಮೇಲೆ ತಾನೇ ಆಕ್ಟಿವೇಟ್ ಆಗುತ್ತೆ.

ಎರಡುಚಾನೆಲ್

ರ‍್ಯಾಮ್ ಕೂರಿಸೋದಕ್ಕೆ ಎರಡು ಸಾಲು. ಕೆಲವು ಬೋರ್ಡಿನಲ್ಲಿ ಸ್ಲಾಟಿನ ಒಂದೇ ತುದಿಗೆ ಚಿಲಕ ಇರುತ್ತೆ, ಇನ್ನೊಂದು ತುದಿ ಮುರಿದಿದೆ ಅಂದುಕೊಳ್ಳಬೇಡಿ. ‘ಟಕ್’ ಅನ್ನೋವರೆಗೂ ಎರಡೂ ತುದಿ ಒತ್ತಬೇಕು. ಹಾಕಿದ ಮೇಲೆ ಮೊದಲ ಸಲ ಪರದೆ ಬರೋದು ತಡವಾಗಬಹುದು, ಒಂದೆರಡು ಸಲ ತಾನೇ ಆಫ್ ಆಗಿ ಆನ್ ಆಗಬಹುದು. ಆಗ ಕೈ ಹಾಕದೆ ಕಾಯಿರಿ. ಎರಡು ನಿಮಿಷವಾದರೂ ಬರದಿದ್ದರೆ ಕಿತ್ತು ಮತ್ತೆ ಕೂರಿಸಿ. ಹತ್ತಕ್ಕೆ ಒಂಬತ್ತು ಸಲ ಕಡ್ಡಿ ಪೂರ್ತಿ ಕೂತಿರೋದೇ ಇಲ್ಲ. ಆಮೇಲೆ ಮೆಮ್‌ಟೆಸ್ಟ್86+ ಅನ್ನೋ ರ‍್ಯಾಮ್ ಪರೀಕ್ಷೆಯ ತಂತ್ರಾಂಶ ಒಂದು ಪೂರ್ತಿ ಸುತ್ತು ಓಡಲಿ. ಒಂದೇ ಒಂದು ದೋಷ ಬಂದರೂ ಕಡ್ಡಿ ವಾಪಸ್. ಈ ಪರೀಕ್ಷೆ ವಿಂಡೋಸ್ ಹೊಸದಾಗಿ ಹಾಕೋ ಮುಂಚೆ ಆಗಬೇಕು, ಕೆಟ್ಟ ರ‍್ಯಾಮ್ ಇದ್ದರೆ ಇನ್‌ಸ್ಟಾಲೇ ಹುಳುಕಾಗುತ್ತೆ.

ಪಿನ್1151

ಐ7 ವಿಚಾರ. ನಿಮ್ಮ ಸಿಪಿಯು ಶೇ. 30ರಲ್ಲಿದೆ, ಈಗ ಅದಕ್ಕೆ ದುಡ್ಡು ಹಾಕಬೇಡಿ. ಎಸ್‌ಎಸ್‌ಡಿ ಮತ್ತು ರ‍್ಯಾಮ್ ಬಂದ ಮೇಲೆ ವಿಡಿಯೊ ಕರೆ ಮಾಡ್ತಾ ಬ್ರೌಸರ್ ಬಳಸುವಾಗ ಸಿಪಿಯು ಶೇ. 100 ಮುಟ್ಟುತ್ತಿದ್ದರೆ ಮಾತ್ರ ಯೋಚಿಸಿ. ಐ3-6100ರಲ್ಲಿ ಎರಡೇ ಕೋರ್ (ಲೆಕ್ಕ ಮಾಡೋ ಘಟಕ), ನಾಲ್ಕು ಥ್ರೆಡ್ (ಒಟ್ಟಿಗೆ ಸಾಗೋ ಕೆಲಸದ ಸಾಲು). ಹಾಗಾಗಿ ಅಲ್ಲಿ ಮುಟ್ಟೋ ಸಾಧ್ಯತೆ ಇದೆ.

ಆಗಲೂ ಐ7-6700ಗಿಂತ ಸೆಕೆಂಡ್ ಹ್ಯಾಂಡ್ ಐ5-6500 ಅಥವಾ ಐ5-7500 ಲೆಕ್ಕಕ್ಕೆ ಸರಿ. ಹಳೇ ಐ7ಗಳಿಗೆ ಹೆಸರಿನ ಬಲದಿಂದ ಬೆಲೆ ಏರಿಯೇ ಇರುತ್ತೆ. ಐ5 ಎರಡಕ್ಕೂ ನಿಜವಾದ ನಾಲ್ಕು ಕೋರ್, 65 ವ್ಯಾಟ್. 7500ರಲ್ಲಿ ಇನ್ನೊಂದು ಲಾಭ: ಅದರ ಎಚ್‌ಡಿ 630 ಗ್ರಾಫಿಕ್ಸ್ ವಿಪಿ9 ವಿಡಿಯೊವನ್ನೂ 10 ಬಿಟ್ ಎಚ್‌ಇವಿಸಿಯನ್ನೂ (ಎರಡೂ ವಿಡಿಯೊ ಕುಗ್ಗಿಸಿಡೋ ರೀತಿಗಳು) ಪೂರ್ತಿ ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತೆ. ನಿಮ್ಮ ಎಚ್‌ಡಿ 530ಗೆ ಅಷ್ಟು ಆಗಲ್ಲ, ಯೂಟ್ಯೂಬಿನ ದೊಡ್ಡ ರೆಸಲ್ಯೂಶನ್‌ನಲ್ಲಿ ಸಿಪಿಯು ಬೆವರೋದು ಅದಕ್ಕೇ. ಅಂಥದೇ ಹೊಸ ರೀತಿಯಾದ ಎವಿ1 ಬಿಡಿಸೋದು ಎರಡರಲ್ಲೂ ಇಲ್ಲ. ಖರ್ಚಿಲ್ಲದ ದಾರಿ ಅಂದರೆ ಯೂಟ್ಯೂಬಿಗೆ ಎಚ್.264 ಮಾತ್ರ ಕೊಡು ಅನ್ನೋ ಬ್ರೌಸರ್ ಎಕ್ಸ್‌ಟೆನ್ಷನ್. 1080ಪಿವರೆಗೆ ಚೆನ್ನಾಗಿ ನಡೆಯುತ್ತೆ.

7ನೇ ತಲೆಮಾರಿನ ಚಿಪ್ ಹಾಕೋದಾದರೆ ಹಳೇ ಐ3 ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿ, ಯುಪಿಎಸ್ ಮೇಲೆ ಇಟ್ಟು. ಮೊದಲೇ ಚಿಪ್ ಬದಲಿಸಿದರೆ ಪರದೆ ಕಪ್ಪು. ಡಿಸ್ಕಿಗೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಇದ್ದರೆ ರಿಕವರಿ ಕೀ ಬರೆದಿಟ್ಟುಕೊಂಡು ಶುರು ಮಾಡಿ.

ಅಂಗಡಿಗಳಲ್ಲೂ ಎಡವೋ ಜಾಗ ಇನ್ನೊಂದಿದೆ. 8 ಮತ್ತು 9ನೇ ತಲೆಮಾರಿನ ಸಾಕೆಟ್ ಹೆಸರೂ ಎಲ್‌ಜಿಎ1151. ಪಿನ್ ಎಣಿಕೆ ಅದೇ, ಚಿಪ್ ಕೂರುತ್ತೆ ಕೂಡ. ಆದರೆ ಪಿನ್‌ಗಳಿಗೆ ಕರೆಂಟ್ ಹಂಚಿರೋ ರೀತಿ ಬೇರೆ, 300 ಸರಣಿಯ ಚಿಪ್‌ಸೆಟ್ ಬೇಕು. ‘ಐ5-8400 ಅಗ್ಗಕ್ಕೆ ಸಿಕ್ತು’ ಅಂತ ತಂದರೆ ಎಚ್110ರಲ್ಲಿ ಓಡಲ್ಲ.

ಬದಲಿಸುವಾಗ ಸಾಕೆಟ್ ಒಳಗಿನ ಸೂಜಿಗಳಿಗೆ ಬೆರಳು, ಬಟ್ಟೆ ಏನೂ ತಾಗಬಾರದು. ಹಳೇ ಪೇಸ್ಟನ್ನ ಐಸೊಪ್ರೊಪಿಲ್ ಆಲ್ಕೊಹಾಲ್‌ನಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ನಡುವೆ ಇಟ್ಟರೆ ಸಾಕು. ಕೂಲರಿನ ನಾಲ್ಕು ಕಾಲನ್ನ ಮೂಲೆಯಿಂದ ಮೂಲೆಗೆ ಒತ್ತಿ, ಬೋರ್ಡಿನ ಹಿಂಬದಿಯಿಂದ ನಾಲ್ಕೂ ಹೊರಬಂದಿವೆಯೇ ನೋಡಿ. ಒಂದು ಕಾಲು ಸಡಿಲವಿದ್ದರೂ ನಿಮಿಷದೊಳಗೆ ಬಿಸಿ 90 ಡಿಗ್ರಿ ದಾಟುತ್ತೆ. ಚಿಪ್ ಬದಲಿಸದಿದ್ದರೂ ಧೂಳು ತೆಗೆಯೋದು, ಪೇಸ್ಟ್ ಹೊಸದು ಮಾಡೋದು ಈಗಲೇ ಮಾಡಬಹುದು. ಊದುವಾಗ ಫ್ಯಾನ್ ರೆಕ್ಕೆ ಹಿಡಿದುಕೊಳ್ಳಿ.

ಹನ್ನೆರಡುವೋಲ್ಟ್

ಗ್ರಾಫಿಕ್ಸ್ ಕಾರ್ಡ್ ಬೇಡ, ಕಾರಣ ನಿಮ್ಮದೇ ಚೀಟಿಯಲ್ಲಿದೆ. 12 × 16 = 192 ವ್ಯಾಟ್. ಸಿಪಿಯು, ಕಾರ್ಡ್ ಎಲ್ಲ ತಿನ್ನೋದು ಈ 12 ವೋಲ್ಟ್ ಸಾಲಿನಿಂದಲೇ. ಹೆಸರಿಗೆ 450, ಕೆಲಸಕ್ಕೆ 192, ಅದೂ ಹೊಸದಾಗಿದ್ದಾಗ. ಈಗಿನ ಐ3ಗೂ, ಮುಂದೆ ಐ5 ಹಾಕಿದರೂ ಅದು ಸಾಕು. ಸ್ಲಾಟಿನಿಂದಲೇ 75 ವ್ಯಾಟ್ ಎಳೆಯೋ ಕಾರ್ಡ್ ಸೇರಿಸಿದರೆ ಅಂಚಿಗೆ ಬರುತ್ತೆ.

‘2 ಜಿಬಿ ಕಾರ್ಡ್’ ಅಂದರೆ ಬಹುಶಃ ಜಿಟಿ 710 ತೋರಿಸಿರ್ತಾರೆ. ನಿಮ್ಮ ಎಚ್‌ಡಿ 530ಗಿಂತ ಹೇಳಿಕೊಳ್ಳೋ ಹಾಗೆ ಮೇಲಲ್ಲ. ಬ್ರೌಸರಿಗೆ, ಎಕ್ಸೆಲಿಗೆ ಅದರಿಂದ ಏನೂ ಆಗಲ್ಲ. ಮುಂದೆ ಯಾವತ್ತಾದರೂ ಬಳಸಿದ ಕಾರ್ಡ್ ಕೊಂಡರೆ ಜಿಪಿಯು-ಝಡ್ ಹಾಕಿ ನೋಡಿಯೇ ದುಡ್ಡು ಕೊಡಿ. ಹಳೇ ಚಿಪ್‌ಗೆ ಬಯಾಸ್ ತಿದ್ದಿ 1050 ಟಿಐ ಅಂತ ಹೆಸರು ಹಚ್ಚಿ ಮಾರೋದಿದೆ, ಅದನ್ನ ಆ ತಂತ್ರಾಂಶ ನಕಲಿ ಅಂತ ಗುರುತಿಸುತ್ತೆ.

ಗಡಿಯಾರ ಆಗಾಗ ಹಿಂದಕ್ಕೆ ಹೋಗ್ತಿದ್ದರೆ ಬೋರ್ಡಿನ ಸಿಆರ್2032 ಸೆಲ್ ಬದಲಿಸಿ. ತಾರೀಕು ತಪ್ಪಿದರೆ ವೆಬ್‌ಸೈಟ್‌ಗಳು ಸರ್ಟಿಫಿಕೇಟ್ ದೋಷ ತೋರಿಸುತ್ತವೆ, ಜನ ಇಂಟರ್‌ನೆಟ್ ಕೆಟ್ಟಿದೆ ಅಂದುಕೊಳ್ತಾರೆ.

ಪೆಂಗ್ವಿನ್‌ಪಕ್ಷ

ವಿಂಡೋಸ್ ವಿಷಯ ಯಾರೂ ಎತ್ತಲಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಯನ್ನ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಅಂತ ಕೊಟ್ಟರು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ 6ನೇ ತಲೆಮಾರು ಇಲ್ಲ, ಇಂಟೆಲ್‌ನಲ್ಲಿ ಹೆಚ್ಚೂಕಡಿಮೆ 8ರಿಂದ ಶುರು. ತಪಾಸಣೆ ದಾಟಿಸಿ ಹಾಕೋ ದಾರಿಗಳಿವೆ, ಆದರೆ ವರ್ಷದ ದೊಡ್ಡ ಅಪ್‌ಡೇಟ್ ಬಂದಾಗೆಲ್ಲ ಮತ್ತೆ ಕೈಯಾರೆ ಮಾಡಬೇಕಾಗಬಹುದು.

ಹೇಗೂ ಹೊಸದಾಗಿ ಇನ್‌ಸ್ಟಾಲ್ ಮಾಡ್ತಿದ್ದೀರಿ. ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ವ್ಯವಸ್ಥೆ ಲಿನಕ್ಸ್ ಮಿಂಟ್ 22 ಅನ್ನ ಪೆನ್ ಡ್ರೈವಿನಿಂದಲೇ ಓಡಿಸಿ ನೋಡಿ, ಡಿಸ್ಕಿಗೆ ಏನೂ ಬರೆಯಲ್ಲ. ಪ್ರಿಂಟರ್, ವೈಫೈ, ವೆಬ್‌ಕ್ಯಾಮ್ ಮೂರೂ ನಡೆದರೆ ಹಾಕಿಕೊಳ್ಳಿ. ಅದಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಎಕ್ಸೆಲ್ ಮ್ಯಾಕ್ರೊ ಬಳಸ್ತೀರಿ ಅಂದರೆ ಮಾತ್ರ ಬೇಡ. ಎಕ್ಸೆಲ್ ಬದಲು ಅಲ್ಲಿರೋ ಲಿಬ್ರೆಆಫೀಸ್‌ನಲ್ಲಿ ಅವು ಸರಿಯಾಗಿ ಓಡೋ ಖಾತ್ರಿ ಇಲ್ಲ.

ಪಿನ್1151

ಒಪ್ಪಿದೆ, ಆದರೆ ಲೆಕ್ಕವನ್ನ ಇನ್ನೊಂದು ಕಡೆಯಿಂದಲೂ ನೋಡಿ. ವಿಂಡೋಸ್ 11 ಬೇಕೇ ಬೇಕು ಅನ್ನೋದಾದರೆ ಈ ಬೋರ್ಡಿಗೆ ಪ್ರೊಸೆಸರ್ ದುಡ್ಡು ಹಾಕೋದೇ ವ್ಯರ್ಥ. ಕಚೇರಿಗಳಿಂದ ಹೊರಬಂದ ಐ5-8500 ಡೆಸ್ಕ್‌ಟಾಪ್‌ಗಳು ಸಿಗುತ್ತವೆ, ಆರು ಕೋರ್, ಪಟ್ಟಿಯಲ್ಲೂ ಇದೆ. ಈಗ ಕೊಳ್ಳೋ ಸಾಟಾ ಎಸ್‌ಎಸ್‌ಡಿ ಅದಕ್ಕೂ ಹೋಗುತ್ತೆ. ಡಿಡಿಆರ್4 ಕಡ್ಡಿಯೂ ಹೋಗುತ್ತೆ, ಅಂಗೈಯಗಲದ ಮಿನಿ ಮಾದರಿ ಆಗಿರದಿದ್ದರೆ. ಅವುಗಳಲ್ಲಿ ಲ್ಯಾಪ್‌ಟಾಪ್ ಕಡ್ಡಿ ಇರುತ್ತೆ. ಅದಕ್ಕೇ ಆ ಎರಡನ್ನ ಮಾತ್ರ ಈಗ ಧೈರ್ಯವಾಗಿ ಕೊಳ್ಳಿ ಅನ್ನೋದು. ಕಂಪನಿ ಡೆಸ್ಕ್‌ಟಾಪ್‌ಗಳ ಕೊರತೆ ಏನು ಅಂದರೆ ಹಲವದರಲ್ಲಿ ಮಾಮೂಲಿ 24 ಪಿನ್ ಪವರ್ ಕನೆಕ್ಟರ್ ಇರಲ್ಲ, ಪವರ್ ಸಪ್ಲೈ ಕೆಟ್ಟರೆ ಅದೇ ಮಾದರಿಯದನ್ನೇ ಹುಡುಕಬೇಕು.

ಹಳೇಡಬ್ಬ

ಫೋಟೊಗಳ ನಕಲು ನಡೀತಾ ಇದೆ. 500 ಜಿಬಿ ಸಾಟಾ, 8 ಜಿಬಿ ಡಿಡಿಆರ್4, ಇಷ್ಟೇ ತಗೊಳ್ತೀನಿ. ಮಿಂಟ್ ಪೆನ್ ಡ್ರೈವ್‌ನಲ್ಲಿ ನೋಡ್ತೀನಿ. ಕೊನೇ ಪ್ರಶ್ನೆ: ಆ 1 ಟಿಬಿ ಡಿಸ್ಕನ್ನ ಎಸೆಯಲೇ?

ಸಾಟಾಕೇಬಲ್

ನಕಲು ಪೂರ್ತಿ ಮುಗಿದು, ಫೈಲುಗಳು ತೆರೆಯುತ್ತವೆ ಅಂತ ನೋಡಿದ ಮೇಲೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ‘ಕ್ವಿಕ್’ ಗುರುತು ತೆಗೆದು ಫಾರ್ಮ್ಯಾಟ್ ಮಾಡಿ, ಕೆಲವು ಗಂಟೆ ಹಿಡಿಯುತ್ತೆ. ಅದು ಫಾರ್ಮ್ಯಾಟ್ ಮಾಡಿದ ಭಾಗಕ್ಕೆಲ್ಲ ಸೊನ್ನೆ ಬರೆಯುತ್ತೆ, ಬರೆಯುವಾಗ ಆ 16 ಸೆಕ್ಟರ್‌ಗಳ ತೀರ್ಮಾನ ಆಗುತ್ತೆ. ಆಮೇಲೆ ಸಿ5 ಸೊನ್ನೆಗೆ ಇಳಿದು 05 ಏರದಿದ್ದರೆ ಇನ್ನೊಂದು ಪ್ರತಿ ಬೇರೆ ಕಡೆ ಇರೋ ವಿಡಿಯೊ, ಇನ್‌ಸ್ಟಾಲರ್ ಇಂಥವಕ್ಕೆ ಬಳಸಿ, ತಿಂಗಳಿಗೊಮ್ಮೆ ಅಂಕಿ ನೋಡ್ತಾ ಇರಿ. 05 ಏರಿದರೆ, ಅಥವಾ ಸಿ5 ಮತ್ತೆ ಕಾಣಿಸಿಕೊಂಡರೆ ಕಳಚಿಬಿಡಿ. ಬೇರೆಯವರಿಗೆ ಕೊಟ್ಟರೂ, ಸೊನ್ನೆ ಬರೆದಿರೋದರಿಂದ ಈಗಿನ ಹಳೇ ಫೈಲುಗಳ ಚಿಂತೆ ಹೆಚ್ಚಿಲ್ಲ.